ಮಣ್ಣಿನ ಮನುಷ್ಯ, ಕಲ್ಲಿನ ಸಾಕ್ಷಿ: ಸೃಷ್ಟಿ ಮತ್ತು ವಿಕಾಸದ ಕುರಿತು ಕ್ರೈಸ್ತ ಚಿಂತನೆ ನಡೆದು ಬಂದ ದಾರಿ

ಏನೂ ಇಲ್ಲದಿದ್ದಾಗ ಏನಿತ್ತು? ಮನುಷ್ಯನು ಯಾರು, ಎಲ್ಲಿಂದ ಬಂದವನು? ಈ ಪ್ರಶ್ನೆಗಳನ್ನು ಕೇಳದ ಜನಾಂಗವಿಲ್ಲ, ಕೇಳದ ಕಾಲವೂ ಇಲ್ಲ. ಚಾಮರಾಜನಗರದ ನೆರೆಯ ಹರದನಹಳ್ಳಿಯಲ್ಲಿ ಹುಟ್ಟಿ, ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿ ಬೆಳೆದು, ಮುಂದೆ ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗ ಯತಿಗಳು ಸುಮಾರು 500 ವರ್ಷಗಳ ಹಿಂದೆ ‘ಷಟ್‌ಸ್ಥಲ ಜ್ಞಾನಸಾರಾಮೃತ’ ಎಂಬ ವಚನಕೃತಿಯನ್ನು ರಚಿಸಿದರು. ಸುಮಾರು 700 ವಚನಗಳ ಆ ಕೃತಿ ತೊಡಗುವುದೇ ಸೃಷ್ಟಿಗೆ ಮುನ್ನಿನ ಶೂನ್ಯ ಸ್ಥಿತಿಯ ವಿಚಾರದಿಂದ. ಅವರ ದರ್ಶನ ಬೇರೆ, ನಮ್ಮ ವಿಶ್ವಾಸ ಬೇರೆ. ಆದರೆ ಅವರ ಪ್ರಶ್ನೆ ನಮ್ಮದೂ ಹೌದು.

ಆ ಸೀಮೆಯ ನೆಲವೂ ಇದೇ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಕೇಳುತ್ತದೆ. ಚಾಮರಾಜನಗರವು ಕರಿಕಲ್ಲಿಗೆ ಹೆಸರಾದ ಜಿಲ್ಲೆ. ಅಲ್ಲಿನ ಬಿಳಿಗಿರಿರಂಗನ ಬೆಟ್ಟಸಾಲಿನ ಶಿಲೆಗಳಲ್ಲಿ 300 ಕೋಟಿ ವರ್ಷಗಳಿಗೂ ಹಳೆಯ ಅಂಶಗಳಿವೆ ಎಂದು ಭೂವಿಜ್ಞಾನಿಗಳು ಅಳೆದು ಹೇಳಿದ್ದಾರೆ. ಆ ಬೆಟ್ಟವನ್ನು ನೋಡುತ್ತಾ ಬೆಳೆಯುವ ಒಂದು ಮಗು ಬೆಳಿಗ್ಗೆ ಶಾಲೆಯಲ್ಲಿ ಜೀವವಿಕಾಸದ ಪಾಠ ಕೇಳಿ, ಸಂಜೆ ಮದ್ರಸದಲ್ಲಿ ಪ್ರವಾದಿ ಆದಮ್(ಅ)ರ ಕುರಿತು ಕಲಿಯುತ್ತದೆ. ಅದೇ ಬೆಂಚಿನಲ್ಲಿ ಕೂರುವ ಕ್ರೈಸ್ತ ಮಗುವಿನ ಪಾಡೂ ಭಿನ್ನವಲ್ಲ; ಭಾನುವಾರದ ಪಾಠದಲ್ಲಿ ಅದು ಆದಾಮನ ಕಥೆಯನ್ನು ಕೇಳುತ್ತದೆ. ಇಬ್ಬರೂ ಮನೆಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: ಯಾವುದು ನಿಜ?

ಈ ಪ್ರಶ್ನೆಗೆ ನಮ್ಮ ವಲಯಗಳಲ್ಲಿ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳಿವೆ. ವಿಜ್ಞಾನದೊಂದಿಗೆ ಜಗಳವಾಡಿದವರು ಕ್ರೈಸ್ತರು, ಚರ್ಚು ಕತ್ತಲೆಯಲ್ಲಿತ್ತು, ನಮಗೆ ಆ ಸಮಸ್ಯೆಯೇ ಇಲ್ಲ ಎಂಬುದು ಮೊದಲನೆಯದು. ಎರಡನೆಯದು ಇದಕ್ಕೆ ತೀರಾ ವಿರುದ್ಧ. ಪಶ್ಚಿಮದ ಕೆಲವು ಕ್ರೈಸ್ತ ಗುಂಪುಗಳು ವಿಕಾಸವಾದದ ವಿರುದ್ಧ ಬರೆದುದನ್ನು ಅನುವಾದಿಸಿ, ಮೂಲದ ಹೆಸರನ್ನು ಅಳಿಸಿ, ನಮ್ಮದೇ ವಾದವೆಂಬಂತೆ ಹಂಚುವುದು. ಒಂದು ಕೈಯಲ್ಲಿ ಅವರನ್ನು ಹೀಯಾಳಿಸಿ ಇನ್ನೊಂದು ಕೈಯಲ್ಲಿ ಅವರಿಂದಲೇ ಎರವಲು ಪಡೆಯುವ ಈ ನಡೆ ನ್ಯಾಯದ್ದಲ್ಲ. ಒಂದು ಜನರ ಮೇಲಿನ ಭಿನ್ನಾಭಿಪ್ರಾಯವು ಅವರೊಂದಿಗೆ ನ್ಯಾಯದಿಂದ ವರ್ತಿಸದಂತೆ ಮಾಡಬಾರದೆಂಬುದು ನಮ್ಮ ಧರ್ಮದ ಸ್ಪಷ್ಟ ಬೋಧನೆ. ಆದ್ದರಿಂದ ಕ್ರೈಸ್ತರು ಈ ವಿಷಯದಲ್ಲಿ ನಿಜಕ್ಕೂ ಏನು ಚಿಂತಿಸಿದರು, ಆ ಚಿಂತನೆ ನಮ್ಮ ನಾಡಿನಲ್ಲಿ ಹೇಗೆ ಹೆಜ್ಜೆಯಿಟ್ಟಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಆದಿಕಾಂಡ ಮತ್ತು ಅದರ ಓದುಗರು

ಬೈಬಲಿನ ಮೊದಲ ಗ್ರಂಥಕ್ಕೆ ಕನ್ನಡದಲ್ಲಿ ‘ಆದಿಕಾಂಡ’ವೆಂದು ಹೆಸರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ತೊಡಗಿದರು. 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಹೀಗೆ ಆರು ದಿನಗಳ ಸೃಷ್ಟಿಯ ವೃತ್ತಾಂತವು ಕನ್ನಡ ಗದ್ಯದಲ್ಲಿ ಓದಲು ದೊರೆಯಿತು.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವನು ಆರು ದಿನಗಳಲ್ಲಿ ಕ್ರಮವಾಗಿ ಬೆಳಕು, ಆಕಾಶ, ನೆಲ, ಸಸ್ಯ, ಸೂರ್ಯಚಂದ್ರ, ಜೀವಜಂತುಗಳನ್ನು ಸೃಷ್ಟಿಸಿ ಕೊನೆಗೆ ಮನುಷ್ಯನನ್ನು ಸೃಷ್ಟಿಸುತ್ತಾನೆ. ಏಳನೆಯ ದಿನ ವಿಶ್ರಮಿಸುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಕ್ರಮ ಬೇರೆ: ಅಲ್ಲಿ ಮೊದಲು ಮಣ್ಣಿನಿಂದ ಮನುಷ್ಯ, ಅವನ ಮೂಗಿನಲ್ಲಿ ಜೀವಶ್ವಾಸ, ಬಳಿಕ ತೋಟ, ಪ್ರಾಣಿಗಳು, ಕೊನೆಗೆ ಸ್ತ್ರೀ. ಮಣ್ಣು ಮತ್ತು ಊದಲಾದ ಪ್ರಾಣದ ಈ ವಿವರ ನಮಗೆ ಅಪರಿಚಿತವಲ್ಲ. ದೇವನ ವಿಶ್ರಾಂತಿಯ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ, ಅಲ್ಲಾಹನಿಗೆ ದಣಿವೆಂಬುದಿಲ್ಲ.

ಒಂದೇ ಗ್ರಂಥದ ಈ ಎರಡು ಅಧ್ಯಾಯಗಳ ಕ್ರಮಭೇದವನ್ನು ಕ್ರೈಸ್ತ ವಿದ್ವಾಂಸರು ಬಹಳ ಹಿಂದೆಯೇ ಗಮನಿಸಿದ್ದರು. ನಾಲ್ಕನೆಯ ಶತಮಾನದ ಸಂತ ಬೆಸಿಲ್ ಆರು ದಿನಗಳನ್ನು ಸಾಮಾನ್ಯ ದಿನಗಳೆಂದೇ ವಿವರಿಸಿದರು. ಉತ್ತರ ಆಫ್ರಿಕಾದ ಸಂತ ಅಗಸ್ಟೀನರು (354–430) ಹಾಗೆ ತಿಳಿಯಲಿಲ್ಲ. ದೇವನು ಸಕಲವನ್ನೂ ಒಂದೇ ಕ್ಷಣದಲ್ಲಿ ಸೃಷ್ಟಿಸಿದನು, ಜೀವಿಗಳನ್ನು ಬೀಜರೂಪದ ಸಾಧ್ಯತೆಗಳಾಗಿ ಲೋಕದಲ್ಲಿ ಇರಿಸಿದನು, ಅವು ತಮ್ಮ ತಮ್ಮ ಕಾಲದಲ್ಲಿ ಪ್ರಕಟವಾದವು, ಆರು ದಿನಗಳು ಗಡಿಯಾರದ ದಿನಗಳಲ್ಲ ಎಂಬುದು ಅವರ ವ್ಯಾಖ್ಯಾನ. ಆಕಾಶ, ಭೂಮಿ, ಪ್ರಾಣಿಗಳ ಬಗ್ಗೆ ಅರಿಯದೆ ಧರ್ಮಗ್ರಂಥದ ಹೆಸರಿನಲ್ಲಿ ಮಾತನಾಡುವವನು, ಬಲ್ಲವರ ಮುಂದೆ ಗ್ರಂಥವನ್ನೇ ನಗೆಪಾಟಲಿಗೆ ಈಡುಮಾಡುತ್ತಾನೆಂದು ಅವರು ಎಚ್ಚರಿಸಿದ್ದರು. ಅಗಸ್ಟೀನರು ವಿಕಾಸವಾದಿಯಾಗಿದ್ದರೆಂದು ಇದರರ್ಥವಲ್ಲ. ಡಾರ್ವಿನ್ ಹುಟ್ಟುವುದಕ್ಕೆ 1400 ವರ್ಷಗಳ ಮೊದಲೇ ‘ಕ್ರೈಸ್ತ ಅಭಿಪ್ರಾಯ’ ಒಂದೇ ಆಗಿರಲಿಲ್ಲ ಎಂಬುದಷ್ಟೇ ನಮ್ಮ ಮಾತಿನ ಅರ್ಥ.

ಮೈಸೂರು ಸೀಮೆಯಲ್ಲಿ ಒಂದು ಗಡಿಯಾರ

ಲೋಕದ ವಯಸ್ಸನ್ನು ವರ್ಷದ ಲೆಕ್ಕದಲ್ಲಿ ಹೇಳುವ ಹುಮ್ಮಸ್ಸು ಯುರೋಪಿನಲ್ಲಿ ಬಲವಾದದ್ದು ಹದಿನೇಳನೆಯ ಶತಮಾನದಲ್ಲಿ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿಯು ಕ್ರಿ.ಪೂ. 4004ರಲ್ಲಿ ಆಯಿತೆಂದು 1650ರಲ್ಲಿ ಪ್ರಕಟಿಸಿದರು. ಇಂದು ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ ಅಷರ್ ಮೂಢರಾಗಿರಲಿಲ್ಲ. ಆ ಕಾಲದಲ್ಲಿ ಲಭ್ಯವಿದ್ದ ಲಿಖಿತ ಆಧಾರಗಳನ್ನೆಲ್ಲ ಶ್ರಮದಿಂದ ಹೊಂದಿಸಿದ ಪಂಡಿತರಾಗಿದ್ದರು. ಕಲ್ಲುಗಳನ್ನು ಓದುವ ವಿದ್ಯೆ ಆಗ ಇನ್ನೂ ಹುಟ್ಟಿರಲಿಲ್ಲ.

ಅಷರರ ಲೆಕ್ಕದಂತಹ ಒಂದು ಗಡಿಯಾರವನ್ನು ಹಿಡಿದು ಮೈಸೂರು ಸೀಮೆಯಲ್ಲಿ ಓಡಾಡಿದ ಒಬ್ಬ ಪಾದ್ರಿಯನ್ನು ಇಲ್ಲಿ ನೆನೆಯಬೇಕು. ಅವರು ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಕ್ಯಾಥೊಲಿಕ್ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ನಂತರ, ಚದುರಿದ್ದ ಕ್ರೈಸ್ತ ಸಮುದಾಯವನ್ನು ಒಗ್ಗೂಡಿಸಲೆಂದು ಬಂದ ಅವರು 1823ರವರೆಗೂ ಈ ದೇಶದಲ್ಲಿದ್ದರು. ಇಲ್ಲಿನ ಜನರ ಆಚಾರ ವಿಚಾರಗಳ ಕುರಿತ ಅವರ ಹೆಸರಾಂತ ಗ್ರಂಥವು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದರಲ್ಲಿ ಬ್ರಾಹ್ಮಣರ ಮೂಲವನ್ನು ಹುಡುಕುವಾಗ ನೂಹ(ಅ)ರ ಮಗ ಯಾಫೆತನ ಸಂತತಿಯವರೆಗೆ ಹೋಗುತ್ತಾರೆ. ಕಲಿಯುಗದ ಆರಂಭವನ್ನು ಜಲಪ್ರಳಯದ ಕಾಲಕ್ಕೆ ಹೊಂದಿಸುತ್ತಾರೆ. ಈ ಗ್ರಂಥದ ಬಹುಭಾಗವು ಕೂರ್ದು ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಹಸ್ತಪ್ರತಿಯಿಂದ ಬಂದುದೆಂದು ನಂತರದ ವಿದ್ವಾಂಸರು ತೋರಿಸಿದ್ದಾರೆ. ಯಾರದೇ ಆಗಿರಲಿ, ಆ ಕಾಲದ ಒಬ್ಬ ವಿದ್ಯಾವಂತ ಕ್ರೈಸ್ತನಿಗೆ ಮನುಕುಲದ ಇಡೀ ಇತಿಹಾಸವು ಕೆಲವೇ ಸಾವಿರ ವರ್ಷಗಳ ಒಂದು ಕೋಣೆಯೊಳಗೆ ಅಡಗುತ್ತಿತ್ತು.

ಇದೇ ದ್ಯುಬುವಾ ಸಿಡುಬಿನ ಲಸಿಕೆ ಆಗಷ್ಟೇ ಬಂದಿದ್ದ ಕಾಲದಲ್ಲಿ, 1803–04ರಲ್ಲಿ, ಮೈಸೂರು ಸೀಮೆಯ 25 ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ಸೃಷ್ಟಿಯ ಕಾಲವನ್ನು ಗ್ರಂಥದಿಂದ ಎಣಿಸಿದ ವ್ಯಕ್ತಿಯೇ ಹೊಸ ವೈದ್ಯವಿಜ್ಞಾನವನ್ನು ಹಳ್ಳಿಗಳಿಗೆ ಒಯ್ದರು. ‘ಚರ್ಚು’ ಮತ್ತು ‘ವಿಜ್ಞಾನ’ ಎಂಬ ಎರಡು ಗೋಡೆಗಳ ನಡುವೆ ಇಂತಹ ಮನುಷ್ಯರನ್ನು ಎಲ್ಲಿ ನಿಲ್ಲಿಸುವುದು?

ಕಲ್ಲು ಓದಿದ ಪಾದ್ರಿಗಳು

ಭೂಮಿಯು ಬಹಳ ಹಳೆಯದೆಂಬ ಅರಿವನ್ನು ನಾಸ್ತಿಕರು ಚರ್ಚಿನ ಮೇಲೆ ಹೇರಿದರೆಂಬ ಕಲ್ಪನೆ ಪ್ರಚಲಿತವಾಗಿದೆ. ವಸ್ತುತಃ ಇಂಗ್ಲೆಂಡಿನ ಆರಂಭದ ಭೂವಿಜ್ಞಾನಿಗಳಲ್ಲಿ ಹಲವರು ದೀಕ್ಷೆ ಪಡೆದ ಪಾದ್ರಿಗಳೇ ಆಗಿದ್ದರು. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ 1823ರಲ್ಲಿ ಗುಹೆಗಳ ಮೂಳೆಗಳಲ್ಲಿ ಜಲಪ್ರಳಯದ ಕುರುಹು ಕಂಡೆನೆಂದು ಬರೆದರು. 1836ರ ಹೊತ್ತಿಗೆ ಆ ಅಭಿಪ್ರಾಯವನ್ನು ತಾವೇ ಬದಲಿಸಿದರು. ಕೇಂಬ್ರಿಡ್ಜಿನ ಆಡಮ್ ಸೆಜ್‌ವಿಕ್ ಭೂವಿಜ್ಞಾನ ಸಂಘದ ಅಧ್ಯಕ್ಷಪೀಠದಿಂದಲೇ, ಪ್ರಳಯದ ಬಗ್ಗೆ ತಾವು ಹಿಂದೆ ಹೇಳಿದ್ದು ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅದು 1831, ಕನ್ನಡದಲ್ಲಿ ಪೂರ್ಣ ಬೈಬಲ್ ಸಿದ್ಧವಾದ ವರ್ಷ. ಅದೇ ವರ್ಷದ ಬೇಸಿಗೆಯಲ್ಲಿ ಸೆಜ್‌ವಿಕ್ ವೇಲ್ಸಿನ ಬೆಟ್ಟಗಳಲ್ಲಿ ಒಬ್ಬ ತರುಣನಿಗೆ ಶಿಲಾಪದರಗಳನ್ನು ಓದುವುದನ್ನು ಕಲಿಸಿದರು. ಡಿಸೆಂಬರಿನಲ್ಲಿ ಆ ತರುಣ ಬೀಗಲ್ ಹಡಗನ್ನೇರಿದನು. ಅವನ ಹೆಸರು ಚಾರ್ಲ್ಸ್ ಡಾರ್ವಿನ್.

ಹೀಗಾಗಿ 1859ರಲ್ಲಿ ಡಾರ್ವಿನ್ ತನ್ನ ಗ್ರಂಥವನ್ನು ಪ್ರಕಟಿಸಿದಾಗ, ಓದುಬಲ್ಲ ಕ್ರೈಸ್ತರಲ್ಲಿ ಅನೇಕರು ಭೂಮಿಯ ದೀರ್ಘ ವಯಸ್ಸನ್ನು ಆಗಲೇ ಒಪ್ಪಿದ್ದರು. ಆದಿಕಾಂಡದ ದಿನಗಳನ್ನು ಕೆಲವರು ದೀರ್ಘ ಯುಗಗಳೆಂದರು. ಮೊದಲೆರಡು ವಾಕ್ಯಗಳ ನಡುವೆಯೇ ಅಪಾರ ಕಾಲ ಸರಿದಿತ್ತೆಂದು ಬೇರೆ ಕೆಲವರು ಹೇಳಿದರು. ಅವರನ್ನು ಕಲಕಿದ್ದು ಕಾಲದ ಲೆಕ್ಕವಲ್ಲ, ಮನುಷ್ಯನ ಸ್ಥಾನದ ಪ್ರಶ್ನೆ. ಜೀವಿಗಳು ಒಂದರಿಂದ ಒಂದು ಹೊರಟುವೆಂದರೆ, ಅದೂ ಉದ್ದೇಶವಿಲ್ಲದ ಆಯ್ಕೆಯಿಂದ ಎಂದರೆ, ದೇವನ ಯೋಜನೆಗೆ ಎಲ್ಲಿ ಜಾಗ? ಮನುಷ್ಯನ ಆತ್ಮ, ಹೊಣೆ, ಪಾಪ, ವಿಮೋಚನೆಗಳಿಗೆ ಏನರ್ಥ?

ಇದಕ್ಕೆ ಬಂದ ಉತ್ತರಗಳು ಹಲವು. ಡಾರ್ವಿನ್ನನ ಗುರು ಸೆಜ್‌ವಿಕ್ ಶಿಷ್ಯನ ಸಿದ್ಧಾಂತವನ್ನು ಕಟುವಾಗಿ ವಿರೋಧಿಸಿದರು. 1860ರ ಜೂನ್‌ನಲ್ಲಿ ಆಕ್ಸ್‌ಫರ್ಡಿನಲ್ಲಿ ಬಿಷಪ್ ವಿಲ್‌ಬರ್‌ಫೋರ್ಸ್ ಮತ್ತು ಹಕ್ಸ್‌ಲಿ ನಡುವೆ ನಡೆದ ವಾಗ್ವಾದವು ಪ್ರಸಿದ್ಧ. ಆದರೆ ಅದೇ ಸಮ್ಮೇಳನದ ಸಂದರ್ಭದಲ್ಲಿ ಫ್ರೆಡರಿಕ್ ಟೆಂಪಲ್ ಎಂಬ ಇನ್ನೊಬ್ಬ ಪಾದ್ರಿಯು, ಪ್ರಕೃತಿಯ ನಿಯಮಗಳಲ್ಲಿಯೇ ದೇವನ ಕೈ ಕಾಣಬೇಕೆಂಬ ಭಾವದ ಪ್ರವಚನ ನೀಡಿದ್ದನ್ನು ಹೆಚ್ಚಿನವರು ನೆನೆಯುವುದಿಲ್ಲ. ವಿಕಾಸವನ್ನು ಬಹಿರಂಗವಾಗಿ ಒಪ್ಪಿದ ಆ ಟೆಂಪಲ್ 1896ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದರು. ಅಮೆರಿಕದಲ್ಲಿ ಡಾರ್ವಿನ್ನನ ಪರ ನಿಂತ ಸಸ್ಯವಿಜ್ಞಾನಿ ಏಸಾ ಗ್ರೇ ಶ್ರದ್ಧಾವಂತ ಪ್ರೆಸ್ಬಿಟೇರಿಯನ್ ಕ್ರೈಸ್ತರಾಗಿದ್ದರು. ಅದೇ ಪಂಥದ ದೇವಶಾಸ್ತ್ರಜ್ಞ ಚಾರ್ಲ್ಸ್ ಹಾಡ್ಜ್ 1874ರಲ್ಲಿ ಒಂದು ಪುಸ್ತಕ ಬರೆದು, ಡಾರ್ವಿನ್‌ವಾದವೆಂದರೆ ನಾಸ್ತಿಕತೆಯೇ ಎಂದು ತೀರ್ಮಾನಿಸಿದರು. ಒಂದೇ ಪಂಥ, ಒಂದೇ ಗ್ರಂಥ, ಎರಡು ತೀರ್ಪು.

ಪಾದ್ರಿಯ ಅಳಿಯ, ಆದಿಮಾನವನ ಕೊಡಲಿ

ಈ ಚರ್ಚೆಯ ಒಂದು ಮುಖ್ಯ ಸಾಕ್ಷ್ಯ ಸಿಕ್ಕಿದ್ದು ನಮ್ಮ ದಕ್ಷಿಣ ಭಾರತದ ನೆಲದಲ್ಲೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರದಲ್ಲಿ, ಮನುಷ್ಯನ ಕೈ ಕಡೆದ ಕಲ್ಲಿನ ಆಯುಧವೊಂದನ್ನು ಕಂಡುಹಿಡಿದರು. ಭಾರತದ ಹಳೆ ಶಿಲಾಯುಗದ ಅಧ್ಯಯನ ಆರಂಭವಾದದ್ದು ಆ ಒಂದು ಕಲ್ಲಿನಿಂದ. ಬಳಿಕ ಅವರು ಬೆಳಗಾವಿ, ಧಾರವಾಡ, ವಿಜಯಪುರ, ಬಳ್ಳಾರಿ ಸೀಮೆಗಳನ್ನು ಸುತ್ತಿದರು. ಮಲಪ್ರಭೆ, ಕೃಷ್ಣೆಗಳ ಕಣಿವೆಗಳಲ್ಲಿ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಹೈದರಾಲಿಯವರು ಆರಂಭಿಸಿದ ಲಾಲ್‌ಬಾಗಿನ ಬಂಡೆಗೆ ಇಂದು ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರಿನ ಫಲಕವಿದೆ. ಆ ಹೆಸರನ್ನು ಕೊಟ್ಟವರು ಅದೇ ಇಲಾಖೆಯಲ್ಲಿ ಮುಂದೆ ದುಡಿದ ಸ್ಮೀತ್.

ಈ ಫೂಟ್ ಒಬ್ಬ ಪಾದ್ರಿಯ ಅಳಿಯ. ಅವರ ಮಾವ ಪೀಟರ್ ಪರ್ಸಿವಲ್ ಜಾಫ್ನಾದಲ್ಲಿ ಮಿಷನರಿಯಾಗಿದ್ದವರು, ತಮಿಳು ಬೈಬಲ್ ಅನುವಾದದಲ್ಲಿ ಶ್ರಮಿಸಿದವರು. ಮಾವನು ಆದಿಕಾಂಡವನ್ನು ಈ ನೆಲದ ನುಡಿಗೆ ತಂದವರಲ್ಲಿ ಒಬ್ಬರು. ಅಳಿಯನು ಈ ನೆಲದ ಮನುಷ್ಯನ ಪ್ರಾಚೀನತೆಯನ್ನು ಅಗೆದು ತೋರಿಸಿದವರು. ಒಂದೇ ಕುಟುಂಬದೊಳಗೆ ಎರಡೂ ಇದ್ದವು. ಫೂಟರ ಕೊನೆಯ ವರ್ಷಗಳ ನೆಲೆ ಸೇಲಂ ಬಳಿಯ ಯೇರ್ಕಾಡು. 1912ರಲ್ಲಿ ತೀರಿಕೊಂಡ ಅವರ ಸ್ಮಾರಕವಿರುವುದು ಅಲ್ಲಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ.

ಫೂಟರ ಹಾದಿಯಲ್ಲಿ ನಡೆದವರು ಮುಂದೆ ಇನ್ನಷ್ಟು ಕಂಡರು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಕಲ್ಲಿನ ಆಯುಧಗಳನ್ನು ತಯಾರಿಸುತ್ತಿದ್ದ ಜಾಗವನ್ನೇ ಬಯಲು ಮಾಡಿದರು. ಅದು 10 ಲಕ್ಷ ವರ್ಷಗಳಿಗೂ ಹಳೆಯದೆಂದು ಕಾಲನಿರ್ಣಯವಾಗಿದೆ. ಚಾಮರಾಜನಗರಕ್ಕೆ ಹತ್ತಿರದ ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆಯರ ಸಂಗಮದಲ್ಲಿ, ನವಶಿಲಾಯುಗದ ಜನರ ವಸತಿ ಅಗೆತದಲ್ಲಿ ದೊರೆತಿದೆ. ನರಸೀಪುರದ ಜನರು ನಮ್ಮಂತೆಯೇ ಮನುಷ್ಯರು. ಅವರ ವಿಷಯದಲ್ಲಿ ಗೊಂದಲವಿಲ್ಲ. ಆದರೆ ಇಸಾಂಪುರದ ಕಲ್ಲು ಕಡೆದವರು ಯಾರು? ಇಂದಿನ ಮಾನವ ಪ್ರಭೇದದ ಅತಿ ಹಳೆಯ ಅಸ್ಥಿಗಳು ಮೊರಾಕ್ಕೊ ದೇಶದ ಜಬಲ್ ಇರ್ಹೂದ್‌ನಲ್ಲಿ ಸಿಕ್ಕಿದ್ದು, ಅವುಗಳ ವಯಸ್ಸು ಸುಮಾರು 3 ಲಕ್ಷ ವರ್ಷ. ಹಾಗಾದರೆ ಅದಕ್ಕೂ ಹಿಂದೆ ಕೊಡಲಿ ಹಿಡಿದ ಕೈಗಳು ಆದಮರ ಸಂತತಿಯವೇ ಅಲ್ಲವೇ? ಆದಮರನ್ನು ನಂಬುವ ಎಲ್ಲರ ಮುಂದೆಯೂ ಇರುವ ನಿಜವಾದ ಕಠಿಣ ಪ್ರಶ್ನೆ ಇದು. ಇದನ್ನು ಮರೆಮಾಚುವುದರಿಂದ ವಿಶ್ವಾಸ ಗಟ್ಟಿಯಾಗುವುದಿಲ್ಲ.

ರೋಮ್ ಮತ್ತು ಡೇಟನ್

ಇಪ್ಪತ್ತನೆಯ ಶತಮಾನದಲ್ಲಿ ಕ್ರೈಸ್ತ ಚಿಂತನೆ ಸ್ಪಷ್ಟವಾಗಿ ಕವಲೊಡೆಯಿತು. ರೋಮಿನ ಕ್ಯಾಥೊಲಿಕ್ ಚರ್ಚು ಬಹುಕಾಲ ಸಂಶಯದಿಂದ ನೋಡುತ್ತಾ, ನಿಧಾನವಾಗಿ ಹೆಜ್ಜೆಯಿಟ್ಟಿತು. 1950ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಹೊರಡಿಸಿದ ‘ಹ್ಯುಮಾನಿ ಜೆನೆರಿಸ್’ ಎಂಬ ಪತ್ರದಲ್ಲಿ ಎರಡು ಮಾತುಗಳಿದ್ದವು. ಮನುಷ್ಯನ ದೇಹವು ಹಿಂದಿನ ಜೀವಿಗಳಿಂದ ಬಂದಿರಬಹುದೇ ಎಂದು ವಿದ್ವಾಂಸರು ಪರಿಶೀಲಿಸಬಹುದು. ಆದರೆ ಪ್ರತಿಯೊಂದು ಆತ್ಮವನ್ನೂ ದೇವನೇ ನೇರವಾಗಿ ಸೃಷ್ಟಿಸುತ್ತಾನೆ. ಆದಾಮನ ನಂತರ ಅವನ ಸಂತತಿಯಲ್ಲದ ನಿಜ ಮಾನವರಿದ್ದರೆಂಬ ವಾದವನ್ನು ವಿಶ್ವಾಸಿಗಳು ಹಿಡಿಯಕೂಡದೆಂದೂ ಆ ಪತ್ರ ಹೇಳಿತು. 1996ರಲ್ಲಿ ಎರಡನೆಯ ಜಾನ್ ಪಾಲ್, ವಿಕಾಸವು ಕೇವಲ ಒಂದು ಊಹೆಗಿಂತ ಹೆಚ್ಚಿನದೆಂದು ಒಪ್ಪಿದರು. 2014ರಲ್ಲಿ ಪೋಪ್ ಫ್ರಾನ್ಸಿಸ್ ಸೃಷ್ಟಿಗೂ ವಿಕಾಸಕ್ಕೂ ವಿರೋಧವಿಲ್ಲವೆಂದರು.

ಈ ನಿಲುವಿನ ಪ್ರಾಯೋಗಿಕ ಫಲ ನಮ್ಮ ನಾಡಿನಲ್ಲೂ ಕಾಣುತ್ತದೆ. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ಜೆಸ್ವಿಟ್ ಪಾದ್ರಿಗಳದ್ದು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿದ್ದ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬೃಹತ್ ಗ್ರಂಥವನ್ನು 1976ರಲ್ಲಿ ಹೊರತಂದರು. ನಂತರ ಇಡೀ ಕರ್ನಾಟಕದ ಸಸ್ಯಗಳನ್ನು ದಾಖಲಿಸುವ ಕೆಲಸಕ್ಕೆ ಕೈಹಾಕಿದರು. ಸೃಷ್ಟಿಕರ್ತನನ್ನು ನಂಬುವವನು ಸೃಷ್ಟಿಯ ಒಂದೊಂದು ಎಲೆಯನ್ನೂ ಎಣಿಸಿ ಬರೆದಿಡುವುದು ಎಷ್ಟು ಸಹಜವಾದ ಕೆಲಸ!

ಅಮೆರಿಕದ ಪ್ರೊಟೆಸ್ಟೆಂಟರಲ್ಲಿ ಒಂದು ಭಾಗ ಬೇರೆ ದಾರಿ ಹಿಡಿಯಿತು. 1925ರಲ್ಲಿ ಟೆನೆಸಿಯ ಡೇಟನ್ ಎಂಬ ಸಣ್ಣ ಊರಿನಲ್ಲಿ, ಮಾನವ ವಿಕಾಸವನ್ನು ಕಲಿಸಿದ್ದಕ್ಕಾಗಿ ಜಾನ್ ಸ್ಕೋಪ್ಸ್ ಎಂಬ ಉಪಾಧ್ಯಾಯನಿಗೆ 100 ಡಾಲರ್ ದಂಡ ವಿಧಿಸಲಾಯಿತು. ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷ, ಶಿಲಾಪದರಗಳೆಲ್ಲ ಒಂದೇ ಪ್ರಳಯದಲ್ಲಿ ಆದವು ಎಂಬ ವಾದವನ್ನು ಅಡ್ವೆಂಟಿಸ್ಟ್ ಪಂಥದ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್ ಪ್ರಚಾರ ಮಾಡಿದರು. 1961ರಲ್ಲಿ ವಿಟ್‌ಕಂಬ್ ಮತ್ತು ಮಾರಿಸ್ ಬರೆದ ಪುಸ್ತಕದಿಂದ ಅದು ದೊಡ್ಡ ಚಳವಳಿಯಾಯಿತು. ಇಂದು ಅನೇಕರು ‘ಬೈಬಲಿನ ಸನಾತನ ನಿಲುವು’ ಎಂದುಕೊಳ್ಳುವ ಈ ಭೂವಿಜ್ಞಾನವು, ಸೆಜ್‌ವಿಕ್ ಎಂಬ ಪಾದ್ರಿಯು 130 ವರ್ಷಗಳ ಹಿಂದೆಯೇ ತಪ್ಪೆಂದು ಕೈಬಿಟ್ಟಿದ್ದ ವಿಚಾರದ ಮರುಹುಟ್ಟು.

ನಮ್ಮವರು ಎರವಲು ಪಡೆದದ್ದು ಬಹುಮಟ್ಟಿಗೆ ಈ ಕವಲಿನಿಂದ. 1980ರ ದಶಕದಲ್ಲಿ ಟರ್ಕಿಯ ಶಿಕ್ಷಣ ಇಲಾಖೆಯು ಅಮೆರಿಕದ ಇಂತಹ ಸಂಸ್ಥೆಯ ಸಾಹಿತ್ಯವನ್ನು ತರಿಸಿಕೊಂಡಿತು. ಮುಂದೆ ಹಾರೂನ್ ಯಹ್ಯಾ ಎಂಬ ಹೆಸರಿನಲ್ಲಿ ಬಂದ ಬಣ್ಣದ ಪುಸ್ತಕಗಳು ಅವೇ ವಾದಗಳಲ್ಲಿ ಅನೇಕವನ್ನು ಮುಸ್ಲಿಮ್ ಮನೆಗಳಿಗೆ ತಲುಪಿಸಿದವು. ನಮ್ಮ ಪರಂಪರೆಯಲ್ಲೇ ಬೇರೆ ಮಾದರಿಯಿತ್ತೆಂಬುದು ಮರೆತುಹೋಯಿತು. 1929ರ ಜನವರಿಯಲ್ಲಿ ಅಲ್ಲಾಮ ಇಕ್ಬಾಲರು ಮದ್ರಾಸಿನ ಉಪನ್ಯಾಸಗಳ ಬಳಿಕ ಬೆಂಗಳೂರು, ಮೈಸೂರುಗಳಿಗೆ ಬಂದರು, ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಸಮಾಧಿಯನ್ನು ಸಂದರ್ಶಿಸಿದರು. ಗ್ರಂಥರೂಪದಲ್ಲಿ ಬಂದ ಅವರ ಆ ಉಪನ್ಯಾಸಗಳಲ್ಲಿ ಅಲ್ ಜಾಹಿಝ್ ಮತ್ತು ಇಬ್ನ್ ಮಿಸ್ಕವೈಹ್ ಜೀವಿಗಳ ಬದಲಾವಣೆಯ ಬಗ್ಗೆ ಚಿಂತಿಸಿದ್ದನ್ನು ಅವರು ನೆನಪಿಸುತ್ತಾರೆ. ಅವರ ವ್ಯಾಖ್ಯಾನವನ್ನೆಲ್ಲ ಒಪ್ಪಬೇಕಾಗಿಲ್ಲ. ಆದರೆ ಭಯವಿಲ್ಲದೆ ಯೋಚಿಸಿದ ಆ ರೀತಿ ಗಮನಾರ್ಹ. ಕೊಡುಕೊಳ್ಳುವಿಕೆ ಪ್ರಾಮಾಣಿಕವಾಗಿಯೂ ನಡೆಯಬಹುದು. ಅಮೆರಿಕದ ಕ್ರೈಸ್ತ ತತ್ತ್ವಜ್ಞ ವಿಲಿಯಂ ಲೇನ್ ಕ್ರೇಗ್, ಜಗತ್ತಿಗೆ ಆದಿಯಿದೆ ಎಂಬುದಕ್ಕೆ ಇಮಾಮ್ ಗಝಾಲಿಯವರ ವಾದವನ್ನು ಅವರ ಹೆಸರು ಹೇಳಿಯೇ 1979ರಲ್ಲಿ ಬಳಸಿದರು. ಅದೇ ಕ್ರೇಗ್ 2021ರಲ್ಲಿ, ಆದಾಮನು ಐತಿಹಾಸಿಕ ವ್ಯಕ್ತಿಯೇ, ಆದರೆ ಬಹಳ ಪ್ರಾಚೀನ ಮಾನವರ ಕಾಲದಲ್ಲಿ, ಲಕ್ಷಾಂತರ ವರ್ಷಗಳ ಹಿಂದೆ ಬದುಕಿದ್ದಿರಬೇಕೆಂದು ವಾದಿಸಿದರು. ಇಸಾಂಪುರದ ಕಲ್ಲುಗಳು ಕೇಳುವ ಪ್ರಶ್ನೆಯನ್ನು ಒಬ್ಬ ವಿಶ್ವಾಸಿಯು ಎದುರಿಸಿದ ಒಂದು ಬಗೆ ಇದು.

ಒಂದೇ ಮೂಲದ ಮಾತು

ಈ ಇಡೀ ಇತಿಹಾಸದಲ್ಲಿ ನಿಜವಾಗಿ ಪಣಕ್ಕಿದ್ದುದು ಏನು? ಶಿಲೆಯ ವಯಸ್ಸಲ್ಲ, ಮನುಷ್ಯನ ಘನತೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಜ್ಞಾನದ ಹೆಸರಿನಲ್ಲಿಯೇ ಕೆಲವರು, ಬಿಳಿಯರು ಮತ್ತು ಕರಿಯರು ಬೇರೆ ಬೇರೆ ಮೂಲದವರೆಂದು ವಾದಿಸಿದರು. ಹಾರ್ವರ್ಡಿನ ಲೂಯಿ ಅಗಾಸಿಸ್ ಅವರಲ್ಲೊಬ್ಬರು. ಎಲ್ಲರೂ ಒಬ್ಬ ಆದಾಮನ ಮಕ್ಕಳೆಂದು ನಂಬಿದ ಜೇಮ್ಸ್ ಪ್ರಿಚರ್ಡರಂತಹ ಕ್ರೈಸ್ತ ವಿದ್ವಾಂಸರು ಅದನ್ನು ಪ್ರತಿರೋಧಿಸಿದರು. ವಿಚಿತ್ರವೆಂದರೆ ಡಾರ್ವಿನ್ ಕೂಡ ಮಾನವಕುಲದ ಮೂಲ ಒಂದೇ ಎಂದೇ ಹೇಳಿದನು. ಇನ್ನೊಂದೆಡೆ, ನೂಹರ ಮಗ ಹಾಮನ ಮೇಲಿನ ಶಾಪವೆಂಬ ಕಥೆಯನ್ನು ಹಿಡಿದು ಗುಲಾಮಗಿರಿಯನ್ನು ಸಮರ್ಥಿಸಿದವರೂ ಕ್ರೈಸ್ತರೇ. ಡೇಟನ್ನಿನಲ್ಲಿ ಬಳಸಲಾಗುತ್ತಿದ್ದ ಜೀವಶಾಸ್ತ್ರದ ಪಠ್ಯವು ವಿಕಾಸದ ಜೊತೆಗೆ ‘ಕೀಳು ವಂಶ’ಗಳನ್ನು ತಡೆಯಬೇಕೆಂಬ ಮಾತನ್ನೂ ಕಲಿಸುತ್ತಿತ್ತು. ದುರ್ಬಲರನ್ನು ತುಳಿಯಲು ಈ ಸಿದ್ಧಾಂತ ನೆಪವಾಗುತ್ತದೆಂಬ ಭಯ, ಆ ಮೊಕದ್ದಮೆಯಲ್ಲಿ ವಿಕಾಸವಾದದ ವಿರುದ್ಧ ನಿಂತ ಬ್ರಯಾನ್ ಅವರಿಗಿತ್ತು. ಆ ಭಯವನ್ನು ಕೇವಲ ಮೂಢತನವೆಂದು ತಳ್ಳಿಹಾಕಲಾಗದು.

ಒಂದೇ ಮೂಲವನ್ನು ನಂಬುವುದು ಸುಲಭ, ಬಾಳುವುದು ಕಷ್ಟ. ತಮಿಳುನಾಡಿನ ವಡಕ್ಕನ್‌ಕುಳಂ ಚರ್ಚಿನೊಳಗೆ ಒಂದು ಕಾಲದಲ್ಲಿ ಜಾತಿಗಳನ್ನು ಬೇರ್ಪಡಿಸುವ ಗೋಡೆಯಿತ್ತು. ಆದಾಮನ ಮಕ್ಕಳೆಂದು ಹಾಡುತ್ತಲೇ ಎರಡು ಕಡೆ ಕೂತರು. ಇದನ್ನು ಹೇಳುವಾಗ ನಾವು ನಮ್ಮ ಅಂಗಳವನ್ನೂ ನೋಡಬೇಕು. ಮದುವೆಯ ಮಾತು ಬಂದಾಗ ಕುಲ, ಮನೆತನ, ಕಸುಬುಗಳ ಮೇಲು ಕೀಳನ್ನು ತೂಗುವ ನಾವು, ಎಲ್ಲರೂ ಆದಮರಿಂದ, ಆದಮರು ಮಣ್ಣಿನಿಂದ ಎಂಬ ಪ್ರವಾದಿ(ಸ)ರ ಬೋಧನೆಯನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆ?

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದುಹಾಕಿದ ಸುದ್ದಿ ಬಂದಾಗ, ದೇಶದ 1800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. ಪಾಠ ಇಲ್ಲವಾದರೆ ಪ್ರಶ್ನೆಯೂ ಇಲ್ಲವಾಗುತ್ತದೆಂದು ಸಮಾಧಾನಪಡುವ ವಿಶ್ವಾಸಿಗೆ ತನ್ನ ವಿಶ್ವಾಸದ ಮೇಲೆಯೇ ಭರವಸೆ ಕಡಿಮೆಯೆಂದು ನಾವು ಭಾವಿಸುತ್ತೇವೆ. ನಮ್ಮ ಮಕ್ಕಳು ಆ ಪಾಠವನ್ನು ಓದಲಿ. ವಿಜ್ಞಾನಕ್ಕೆ ತಿಳಿದಷ್ಟನ್ನು ಅದರಿಂದ ಕಲಿಯಲಿ. ಯಾರು ಸೃಷ್ಟಿಸಿದನು, ಏಕೆ ಸೃಷ್ಟಿಸಿದನು ಎಂಬುದನ್ನು ದಿವ್ಯ ಬೋಧನೆಯಿಂದ ಅರಿಯಲಿ. ಎರಡರ ನಡುವೆ ಗಂಟು ಬಿದ್ದೆಡೆ, ಅಗಸ್ಟೀನರು ಎಚ್ಚರಿಸಿದಂತೆ, ಅರಿಯದೆ ಮಾತನಾಡದಿರುವ ವಿನಯವನ್ನೂ ಕಲಿಯಲಿ.

ಹರದನಹಳ್ಳಿಯ ನೆಲದಲ್ಲಿ ನಿಂತು ನೋಡಿದರೆ ದೂರದ ಬೆಟ್ಟದ ಕಲ್ಲು ಎಲ್ಲ ಮತಗಳಿಗಿಂತ ಹಳೆಯದು. ಆದರೆ ಆ ಕಲ್ಲಿಗೆ ತನ್ನ ವಯಸ್ಸು ಗೊತ್ತಿಲ್ಲ. ಅದನ್ನು ಅಳೆದು, ಅದರೆದುರು ಬೆರಗಾಗಿ, ಇದೆಲ್ಲ ಯಾರದೆಂದು ಕೇಳಬಲ್ಲವನು ಮಣ್ಣಿನಿಂದಾದ ಈ ಮನುಷ್ಯ ಮಾತ್ರ. ಅವನು ಚರ್ಚಿನ ಬಾಗಿಲಲ್ಲಿರಲಿ, ಮಠದ ಅಂಗಳದಲ್ಲಿರಲಿ, ಮಸೀದಿಯ ಸಾಲಿನಲ್ಲಿರಲಿ, ಅವನ ಪ್ರಶ್ನೆಯನ್ನು ಗೌರವದಿಂದ ಕೇಳಿಸಿಕೊಳ್ಳುವುದು ನಮ್ಮ ಕರ್ತವ್ಯ. ನಿಜವನ್ನು ಬಲ್ಲವನು ಅಲ್ಲಾಹನು ಮಾತ್ರ.